ಶಿಶು ಮತ್ತು ಆಟಿಕೆ

ಹುಟ್ಟಿದಂದಿನಿಂದ ಸುಮಾರು ಎರಡು ವರ್ಷದವರೆಗಿನ ಮಗು ನೋಡಿ, ಕೇಳಿ, ಹಿಡಿದು, ಬಾಯಿಗಿಟ್ಟು, ಬಡಿದು, ಎಸೆದು ಆಡುವ ವಸ್ತುಗಳನ್ನೆಲ್ಲ ಶಿಶುವಿನ ಆಟಿಕೆ ಎನ್ನಬಹುದು. ಅಂಗಡಿಯಿಂದ ತಂದ ಗಿಲಕಿಯೂ ಅಡುಗೆಮನೆಯ ಸೌಟೂ ಈ ಲೆಕ್ಕದಲ್ಲಿ ಒಂದೇ. ಆಟಿಕೆಯೊಡನೆ ಆಡಲು ಮಗು ತೊಡಗುವುದು ಯಾವಾಗ ಎಂಬುದಕ್ಕೆ ಇಂಥದೇ ತಿಂಗಳು ಎಂದು ಬೆರಳಿಟ್ಟು ತೋರಿಸಲಾಗದು. ಮೊದಲ ಮೂರು ತಿಂಗಳು ಕಣ್ಣು ಕಿವಿಗಳಿಂದಲೇ ಆಟ ನಡೆಯುತ್ತದೆ. ಮೂರರಿಂದ ಆರನೆಯ ತಿಂಗಳೊಳಗೆ ಕೈ ಆಟಕ್ಕೆ ಇಳಿಯುತ್ತದೆ. ಒಂಬತ್ತನೆಯ ತಿಂಗಳ ಸುಮಾರಿಗೆ ಆಟಿಕೆ ಮಗುವಿಗೂ ದೊಡ್ಡವರಿಗೂ ನಡುವಿನ ಮಾತುಕತೆಯ ವಿಷಯವಾಗುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಗೊಂಬೆಗೆ ಅನ್ನ ಉಣಿಸುವ ಸೋಗಿನಾಟ ಕಾಣಿಸಿಕೊಳ್ಳುತ್ತದೆ. ಆಟಿಕೆಯ ಪ್ರಯೋಜನ ಅದರ ಬೆಲೆಯನ್ನೋ ಸದ್ದುಗದ್ದಲವನ್ನೋ ಅವಲಂಬಿಸಿಲ್ಲ. ಮಗು ಅದರಿಂದ ಏನು ಮಾಡಬಲ್ಲದು, ಆಡುವಾಗ ಜತೆಗೆ ಯಾರಿದ್ದಾರೆ ಎಂಬುದನ್ನು ಅವಲಂಬಿಸಿದೆ. ಕಳೆದ ಅರ್ಧ ಶತಮಾನದ ಸಂಶೋಧನೆಯಲ್ಲಿ ಬಹುಪಾಲು ಇದನ್ನೇ ಬೇರೆ ಬೇರೆ ದಾರಿಗಳಿಂದ ತೋರಿಸಿದೆ.

ಕೈಗಿಂತ ಮೊದಲು ಕಣ್ಣು, ಕಿವಿ

ಆಗತಾನೆ ಹುಟ್ಟಿದ ಮಗುವಿನ ದೃಷ್ಟಿ ಮಸುಕು. ಮುಖದಿಂದ 20ರಿಂದ 30 ಸೆಂಟಿಮೀಟರ್ ದೂರದಲ್ಲಿರುವುದು ಮಾತ್ರ ತಕ್ಕಮಟ್ಟಿಗೆ ಕಾಣುತ್ತದೆ. ಮೊಲೆಹಾಲು ಕುಡಿಯುವ ಮಗುವಿಗೂ ತಾಯಿಯ ಮುಖಕ್ಕೂ ಇರುವ ಅಂತರ ಹೆಚ್ಚುಕಡಿಮೆ ಇಷ್ಟೇ. ಆದ್ದರಿಂದ ಮೊದಲ ವಾರಗಳಲ್ಲಿ ಮಗುವಿಗೆ ಸಿಗುವ ಅತ್ಯುತ್ತಮ ಆಟಿಕೆ ಮನುಷ್ಯರ ಮುಖ. ಅದು ಚಲಿಸುತ್ತದೆ, ಸದ್ದು ಮಾಡುತ್ತದೆ, ಮಗುವಿನ ಮುಖಚರ್ಯೆಗೆ ಉತ್ತರ ಕೊಡುತ್ತದೆ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಫ್ಯಾಂಟ್ಜ್ 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹುಟ್ಟಿ ಐದು ದಿನ ತುಂಬದ ಶಿಶುಗಳು ಸಹ ಬರಿಯ ಬಣ್ಣದ ತಟ್ಟೆಗಿಂತ ಮುಖದ ಚಿತ್ರ, ಒಂದರೊಳಗೊಂದು ವೃತ್ತ ಬರೆದ ಚಿತ್ರಗಳನ್ನು ಹೆಚ್ಚು ಹೊತ್ತು ನೋಡಿದವು. ಶಿಶು ಏನನ್ನೂ ಕಾಣದು ಎಂಬ ಹಳೆಯ ನಂಬಿಕೆಗೆ ಇದರಿಂದ ದೊಡ್ಡ ಪೆಟ್ಟು ಬಿತ್ತು. ಇಂದು ಮಾರುಕಟ್ಟೆಯಲ್ಲಿರುವ ಕಪ್ಪುಬಿಳುಪು ಪಟ್ಟೆಗಳ ಚಿತ್ರಪಟಗಳಿಗೆ ಆಧಾರ ಇಂಥ ಪ್ರಯೋಗಗಳೇ. ಗಾಢ ಬಣ್ಣವೂ ತಿಳಿ ಬಣ್ಣವೂ ಎದ್ದು ಕಾಣುವಂತೆ ಸೇರಿದ ಸೀರೆಯ ಅಂಚು ಕೂಡ ಅದೇ ಕೆಲಸ ಮಾಡುತ್ತದೆ.

ಈ ವಯಸ್ಸಿನಲ್ಲಿ ಅಂಗೈಗೆ ಬೆರಳು ತಾಗಿಸಿದರೆ ಮಗು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಗಿಲಕಿಯ ಹಿಡಿ ಇಟ್ಟರೂ ಹಿಡಿಯುತ್ತದೆ. ಮನೆಯವರು ಇದನ್ನು ಆಟವೆಂದು ಸಂತೋಷಪಡುವುದು ಸಹಜ. ಇದು ಹುಟ್ಟಿನಿಂದ ಬಂದ ಪ್ರತಿವರ್ತನ. ಮಗು ಬೇಕೆಂದು ಹಿಡಿದದ್ದಲ್ಲ, ಬೇಡವೆನಿಸಿದಾಗ ಬಿಡಲೂ ಅದಕ್ಕೆ ಬಾರದು. ಮುಂದಿನ ತಿಂಗಳುಗಳಲ್ಲಿ ಈ ಪ್ರತಿವರ್ತನ ಕ್ಷೀಣಿಸಿದ ಮೇಲೆಯೇ ಇಚ್ಛೆಯಿಂದ ಹಿಡಿಯುವ ಕೈ ತಯಾರಾಗುವುದು.

ಕೈ ಇನ್ನೂ ಪಳಗದ ಈ ಕಾಲದಲ್ಲೇ ಮಗು ಆಟಿಕೆಯಿಂದ ಕಲಿಯಬಲ್ಲದೆಂಬುದನ್ನು ಸ್ಪಷ್ಟವಾಗಿ ತೋರಿಸಿದವರು ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಕ್ಯಾರೊಲಿನ್ ರೊವೀ-ಕಾಲಿಯರ್. ತೊಟ್ಟಿಲ ಮೇಲೆ ತೂಗಾಡುವ ಬೊಂಬೆಗಳ ಗೊಂಚಲಿಗೆ ಒಂದು ರಿಬ್ಬನ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಮಗುವಿನ ಕಾಲಿಗೆ ಸಡಿಲವಾಗಿ ಕಟ್ಟಿದರು. ಕಾಲು ಒದೆದಾಗಲೆಲ್ಲ ಗೊಂಚಲು ಕುಣಿಯುತ್ತಿತ್ತು. ಎರಡು ಮೂರು ತಿಂಗಳ ಮಕ್ಕಳು ಕೆಲವೇ ನಿಮಿಷಗಳಲ್ಲಿ ಇದರ ಗುಟ್ಟು ಹಿಡಿದು ಮೊದಲಿಗಿಂತ ಬಹಳ ಹೆಚ್ಚು ಒದೆಯತೊಡಗಿದವು. ಮೂರು ತಿಂಗಳ ಮಕ್ಕಳು ಸುಮಾರು ಒಂದು ವಾರ ಕಳೆದ ಮೇಲೂ ಅದೇ ಗೊಂಚಲನ್ನು ಕಂಡೊಡನೆ ಒದೆಯುತ್ತಿದ್ದವು. ತನ್ನಿಂದ ಏನೋ ಆಯಿತು ಎಂಬ ಅರಿವು, ಅದರ ನೆನಪು, ಅದರಿಂದ ಬರುವ ನಗು ಮೂರೂ ಕೈ ಬಳಕೆಗೆ ಬರುವ ಮುನ್ನವೇ ಮಗುವಿನಲ್ಲಿ ಇರುತ್ತವೆ. ತೊಟ್ಟಿಲ ಮೇಲಿನ ಆಟಿಕೆ ಕೀಲಿ ಕೊಟ್ಟರೆ ತಾನೇ ತಿರುಗುವುದಕ್ಕಿಂತ ಮಗುವಿನ ಚಲನೆಗೆ ಅಲುಗುವುದೇ ಮೇಲು ಎನ್ನಲು ಇದೇ ಕಾರಣ. ಅದನ್ನು ಕಟ್ಟುವಾಗ ಒಂದು ಸಂಗತಿ ಗಮನಿಸಬೇಕು. ನಿಂತವರಿಗೆ ಚೆನ್ನಾಗಿ ಕಾಣುವ ಗಿಳಿ, ಆನೆಗಳ ಪಕ್ಕದ ನೋಟ ಮಲಗಿದ ಮಗುವಿಗೆ ಕಾಣುವುದಿಲ್ಲ. ಅದಕ್ಕೆ ಕಾಣುವುದು ಅವುಗಳ ಹೊಟ್ಟೆ ಮಾತ್ರ.

ಕೈ ಆಟಕ್ಕಿಳಿದಾಗ

ಮೂರನೆಯ ತಿಂಗಳು ಕಳೆಯುವ ಹೊತ್ತಿಗೆ ಕತ್ತು ನಿಲ್ಲುತ್ತದೆ, ಮುಷ್ಟಿ ಸಡಿಲಾಗುತ್ತದೆ, ಮಗು ತನ್ನ ಕೈಗಳನ್ನೇ ಎದುರಿಗೆ ಹಿಡಿದು ನೋಡಿಕೊಳ್ಳುತ್ತದೆ. ಕೈಯೇ ಅದರ ಮೊದಲ ಸ್ವಂತ ಆಟಿಕೆ. ನಾಲ್ಕನೆಯ ತಿಂಗಳಲ್ಲಿ ಕೈಗೆ ಕೊಟ್ಟ ವಸ್ತುವನ್ನು ಹಿಡಿದುಕೊಳ್ಳುತ್ತದೆ, ಎದುರಿಗೆ ತೂಗುವುದರತ್ತ ಕೈ ಬೀಸುತ್ತದೆ. ಬೇಕೆನಿಸಿದ ಆಟಿಕೆಯನ್ನು ತಾನೇ ಕೈಚಾಚಿ ತೆಗೆದುಕೊಳ್ಳುವುದು ಹೆಚ್ಚಿನ ಮಕ್ಕಳಲ್ಲಿ ಆರು ತಿಂಗಳೊಳಗೆ ಕಾಣುತ್ತದೆ.

ಐದು ತಿಂಗಳ ಮಗುವಿನ ಎದುರು ಗಿಲಕಿ ಹಿಡಿದು ನೋಡಿದರೆ ಈ ಸಾಧನೆಯ ಶ್ರಮ ತಿಳಿಯುತ್ತದೆ. ಮೊದಲು ಕಣ್ಣು ಅದರ ಮೇಲೆ ನೆಡುತ್ತದೆ, ಒದೆಯುತ್ತಿದ್ದ ಕಾಲು ಒಂದು ಕ್ಷಣ ನಿಲ್ಲುತ್ತದೆ, ಬಾಯಿ ತೆರೆದುಕೊಳ್ಳುತ್ತದೆ. ಎರಡೂ ತೋಳುಗಳು ಅಕ್ಕಪಕ್ಕದಿಂದ ಬಳಸಿಕೊಂಡು ಬರುತ್ತವೆ. ಒಂದು ಕೈ ಗುರಿ ತಪ್ಪುತ್ತದೆ, ಇನ್ನೊಂದರ ಅಂಗೈ ಗಿಲಕಿಗೆ ಬಡಿಯುತ್ತದೆ. ಬೆರಳುಗಳು ಮಡಚುವುದು ಕಿರುಬೆರಳಿನ ಕಡೆಯಿಂದ, ಹೆಬ್ಬೆರಳಿಗೆ ಇನ್ನೂ ಕೆಲಸವಿಲ್ಲ. ಹಿಡಿದೊಡನೆ ಅದು ನೇರ ಬಾಯಿಗೆ ಹೋಗುತ್ತದೆ. ದಾರಿಯಲ್ಲಿ ಸದ್ದಾದರೆ ಮಗು ತಟಕ್ಕನೆ ನಿಲ್ಲುತ್ತದೆ, ಸುಮ್ಮನೆ ಆಲಿಸುತ್ತದೆ, ಮತ್ತೆ ಕೈ ಅಲುಗಿಸಿ ನೋಡುತ್ತದೆ. ಈ ಎರಡನೆಯ ಅಲುಗಾಟ ಆಕಸ್ಮಿಕವಲ್ಲ. ಹೀಗೆ ತನ್ನ ಕ್ರಿಯೆಯಿಂದ ಹೊರಗೆ ಆದ ಪರಿಣಾಮವನ್ನು ಮತ್ತೆ ಬರಿಸಲು ಮಗು ಮಾಡುವ ಪುನರಾವರ್ತನೆಯನ್ನು ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಶಿಶುವಿನ ಬುದ್ಧಿಯ ಬೆಳವಣಿಗೆಯಲ್ಲಿ ಒಂದು ಮುಖ್ಯ ಘಟ್ಟವೆಂದು ಗುರುತಿಸಿದರು. ತಮ್ಮ ಮೂವರು ಮಕ್ಕಳನ್ನೇ ದಿನದಿನವೂ ಗಮನಿಸಿ ಬರೆದಿಟ್ಟ ಟಿಪ್ಪಣಿಗಳಿಂದ ಅವರ 1936ರ ಗ್ರಂಥ ರೂಪುಗೊಂಡಿತು. ತೊಟ್ಟಿಲಿಗೆ ಕಟ್ಟಿದ ಗಿಲಕಿಗಳು ಆ ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ವಸ್ತುವನ್ನು ಹಿಡಿಯಲು ಬಾರದ ಮಗುವಿಗೆ ಹಿಡಿದ ಅನುಭವ ಕೊಟ್ಟರೆ ಏನಾದೀತು? ಮನೋವಿಜ್ಞಾನಿ ಏಮಿ ನೀಡಮ್ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಪರೀಕ್ಷಿಸಿದರು. ಮೂರು ತಿಂಗಳ ಮಕ್ಕಳಿಗೆ ವೆಲ್ಕ್ರೋ ಅಂಟಿಸಿದ ಕೈಗವಸು ತೊಡಿಸಿ, ವೆಲ್ಕ್ರೋ ಅಂಚಿನ ಹಗುರ ಆಟಿಕೆಗಳನ್ನು ಮುಂದಿಟ್ಟರು. ಕೈ ತಾಗಿದರೆ ಸಾಕು, ಆಟಿಕೆ ಅಂಟಿಕೊಂಡು ಬರುತ್ತಿತ್ತು. ಕೆಲವು ದಿನ ಹೀಗೆ ಆಡಿದ ಮಕ್ಕಳು ಕೈಗವಸು ತೆಗೆದ ಮೇಲೂ ವಸ್ತುಗಳನ್ನು ಹೆಚ್ಚು ನೋಡುತ್ತಿದ್ದವು, ಹೆಚ್ಚು ಮುಟ್ಟುತ್ತಿದ್ದವು. ಈ ಲಾಭ ಎಷ್ಟರ ಮಟ್ಟಿನದೆಂಬ ಬಗ್ಗೆ ನಂತರ ಭಿನ್ನಾಭಿಪ್ರಾಯಗಳು ಬಂದಿವೆ. ಹಾಗಿದ್ದರೂ ಕೈಯ ಅನುಭವವೇ ಕುತೂಹಲವನ್ನು ಬೆಳೆಸುತ್ತದೆ ಎಂಬ ಅದರ ಹೊಳಹು ಬೆಲೆಯುಳ್ಳದ್ದು.

ಬಾಯಿಗಿಡುವುದರ ಬಗ್ಗೆ ಮನೆಗಳಲ್ಲಿ ಬೈಗುಳ ಹೆಚ್ಚು. ಶಿಶುವಿಗೆ ಬಾಯಿ ಇನ್ನೊಂದು ಕೈಯಿದ್ದಂತೆ. ತುಟಿ, ನಾಲಗೆಗಳ ಸ್ಪರ್ಶಜ್ಞಾನ ಬೆರಳುಗಳಿಗಿಂತ ಮೊದಲೇ ಪಕ್ವವಾಗಿರುತ್ತದೆ. ಮೆತ್ತಗಿದೆಯೋ ಗಟ್ಟಿಯೋ, ನುಣುಪೋ ಒರಟೋ ಎಂದು ಮಗು ತಿಳಿಯುವುದು ಬಾಯಿಯಿಂದ. ಮೊದಲ ವರ್ಷದ ನಡುಭಾಗದಲ್ಲಿ ಇದು ಜೋರಾಗಿದ್ದು ಎರಡನೆಯ ವರ್ಷದಲ್ಲಿ ತಾನಾಗಿ ಇಳಿಯುತ್ತದೆ. ಆದ್ದರಿಂದ ತಡೆಯುವುದಕ್ಕಿಂತ ಬಾಯಿಗಿಟ್ಟರೂ ಅಪಾಯವಿಲ್ಲದ, ತೊಳೆಯಬಹುದಾದ ವಸ್ತುಗಳನ್ನೇ ಕೈಗೆಟುಕಿಸುವುದು ಸರಿಯಾದ ದಾರಿ.

ಮಗು ಬೋರಲು ಬೀಳತೊಡಗಿದ ಮೇಲೆ ಆಟಿಕೆಗೆ ಇನ್ನೊಂದು ಕೆಲಸ ಸಿಗುತ್ತದೆ. ಚಾಪೆಯ ಮೇಲೆ ಬೋರಲಾಗಿ ಮಲಗಿದ ಮಗುವಿನ ಮುಂದೆ, ಎಟುಕಿಯೂ ಎಟುಕದಷ್ಟು ದೂರದಲ್ಲಿ ಇಟ್ಟ ಚೆಂಡು ಕತ್ತು, ಹೆಗಲು, ಬೆನ್ನುಗಳಿಗೆ ವ್ಯಾಯಾಮ ಕೊಡುತ್ತದೆ. ತಾನಾಗಿ ಚಲಿಸಲಾರದ ಶಿಶುಗಳನ್ನು ಎಚ್ಚರವಿರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಮಲಗಿಸಿ ಆಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಹೇಳುತ್ತದೆ.

ಬಚ್ಚಿಟ್ಟದ್ದು, ಬಿದ್ದದ್ದು, ತೋರಿಸಿದ್ದು

ಆರು ತಿಂಗಳ ನಂತರ ಮಗು ಕುಳಿತುಕೊಳ್ಳಲು ಕಲಿತರೆ ಎರಡೂ ಕೈ ಬಿಡುವಾಗುತ್ತವೆ. ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುವುದು, ಎರಡು ವಸ್ತುಗಳನ್ನು ಒಂದಕ್ಕೊಂದು ಬಡಿಯುವುದು, ನೆಲಕ್ಕೆ ಕುಟ್ಟುವುದು ಆರಂಭವಾಗುತ್ತವೆ. ಒಂಬತ್ತು ಹತ್ತು ತಿಂಗಳಲ್ಲಿ ಹೆಬ್ಬೆರಳು ತೋರುಬೆರಳು ಸೇರಿ ಚಿವುಟಿ ಹಿಡಿಯುವ ಹದ ಬರುತ್ತದೆ. ಆಗ ಮಗು ಚಾಪೆಯ ಮೇಲಿನ ಒಂದು ಅನ್ನದ ಅಗುಳನ್ನೂ ಹೆಕ್ಕಬಲ್ಲದು.

ಇದೇ ಕಾಲಕ್ಕೆ ಸೆರಗಿನ ಮರೆಗೆ ಸರಿದ ಮುಖ, ಬಟ್ಟೆಯಡಿ ಅಡಗಿಸಿದ ಚೆಂಡು ಮಗುವಿಗೆ ಪರಮ ಕುತೂಹಲದ ವಸ್ತುಗಳಾಗುತ್ತವೆ. ಕಣ್ಣಿಗೆ ಮರೆಯಾದ ವಸ್ತುವನ್ನು ಮಗು ಹುಡುಕುವುದು ಎಂಟು ಒಂಬತ್ತನೆಯ ತಿಂಗಳಿನಿಂದ ಎಂದು ಪಿಯಾಜೆ ಕಂಡಿದ್ದರು. ಅದಕ್ಕೆ ಮೊದಲು ಮರೆಯಾದದ್ದು ಮಗುವಿನ ಪಾಲಿಗೆ ಇಲ್ಲವೇ ಇಲ್ಲ ಎಂಬುದು ಅವರ ತೀರ್ಮಾನ. ಮನೋವಿಜ್ಞಾನಿ ರೆನೆ ಬಾಯಾರ್ಜಾನ್ 1980ರ ದಶಕದಲ್ಲಿ ಮಗುವಿನ ಕೈಯ ಬದಲು ಕಣ್ಣನ್ನು ಗಮನಿಸಿ ನಡೆಸಿದ ಪ್ರಯೋಗಗಳು ಈ ತೀರ್ಮಾನವನ್ನು ಅಲುಗಿಸಿದವು. ನಾಲ್ಕೈದು ತಿಂಗಳ ಮಕ್ಕಳೂ ಅಡಗಿದ ವಸ್ತು ಅಲ್ಲೇ ಇದೆಯೆಂಬಂತೆ, ಆಗಬಾರದ್ದು ಆದಾಗ ಹೆಚ್ಚು ಹೊತ್ತು ದಿಟ್ಟಿಸಿದವು. ಕಣ್ಣಿಗೆ ತಿಳಿದದ್ದು ಕೈಗೆ ಇಳಿಯಲು ತಿಂಗಳುಗಳೇ ಬೇಕು ಎಂದು ಹಲವರು ಇದನ್ನು ಅರ್ಥೈಸುತ್ತಾರೆ.

ಹಿಡಿದದ್ದನ್ನು ಬೇಕೆಂದೇ ಬಿಡುವುದು ಹಿಡಿಯುವುದಕ್ಕಿಂತ ಕಷ್ಟದ ವಿದ್ಯೆ. ಅದು ಕೈವಶವಾದ ಮೇಲೆ ಮಗು ಊಟದ ಬಟ್ಟಲನ್ನು, ಚಮಚವನ್ನು, ಆಟಿಕೆಯನ್ನು ಒಂದೇ ಸಮನೆ ಕೆಳಗೆ ಹಾಕುತ್ತದೆ. ಎತ್ತಿಕೊಡುವವರಿಗೆ ಸಾಕುಸಾಕಾಗುತ್ತದೆ. ಮಗು ಮಾತ್ರ ಬೀಳುವ ಸದ್ದು, ಬಿದ್ದ ಜಾಗ, ಎತ್ತಿಕೊಡುವವರ ಮುಖ ಈ ಮೂರನ್ನೂ ಒಟ್ಟಿಗೆ ಅಭ್ಯಾಸ ಮಾಡುತ್ತಿರುತ್ತದೆ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಏಮಿ ಸ್ಟಾಲ್ ಮತ್ತು ಲೀಸಾ ಫೈಗನ್‌ಸನ್ 2015ರಲ್ಲಿ ಹನ್ನೊಂದು ತಿಂಗಳ ಮಕ್ಕಳಿಗೆ ಎರಡು ಬಗೆಯ ಕಣ್ಕಟ್ಟು ತೋರಿಸಿದರು. ಕೆಲವರಿಗೆ ಆಟಿಕೆ ಗೋಡೆಯೊಳಗಿಂದ ತೂರಿ ಬಂದಂತೆ ಕಂಡಿತು, ಕೆಲವರಿಗೆ ಆಧಾರವಿಲ್ಲದೆ ಗಾಳಿಯಲ್ಲಿ ನಿಂತಂತೆ ಕಂಡಿತು. ಆಮೇಲೆ ಅದೇ ಆಟಿಕೆಯನ್ನು ಕೈಗೆ ಕೊಟ್ಟರೆ, ಗೋಡೆ ತೂರಿದ್ದನ್ನು ಕಂಡ ಮಕ್ಕಳು ಅದನ್ನು ಮೇಜಿಗೆ ಕುಟ್ಟಿ ನೋಡಿದವು, ಗಾಳಿಯಲ್ಲಿ ನಿಂತದ್ದನ್ನು ಕಂಡ ಮಕ್ಕಳು ಕೆಳಕ್ಕೆ ಬಿಟ್ಟು ನೋಡಿದವು. ತನಗೆ ಯಾವ ಸಂದೇಹ ಬಂದಿತೋ ಅದಕ್ಕೆ ತಕ್ಕ ಪರೀಕ್ಷೆಯನ್ನೇ ಮಗು ಆರಿಸಿಕೊಂಡಿತ್ತು. ಇನ್ನೂ ನಡೆಯಲು ಬಾರದ ಕೂಸಿನಲ್ಲಿ ಇಂಥ ವಿವೇಚನೆ ಇರುವುದು ನಿಜಕ್ಕೂ ಬೆರಗಿನ ಸಂಗತಿ.

ಒಂಬತ್ತನೆಯ ತಿಂಗಳ ಸುಮಾರಿಗೆ ಆಗುವ ಇನ್ನೊಂದು ಬದಲಾವಣೆ ಕಣ್ಣಿಗೆ ಅಷ್ಟಾಗಿ ಬೀಳದು. ಮಗು ಆಟಿಕೆಯನ್ನು ನೋಡಿ ತಾಯಿಯತ್ತ ನೋಡುತ್ತದೆ, ಮತ್ತೆ ಆಟಿಕೆಯತ್ತ ತಿರುಗುತ್ತದೆ. ಆ ಬಳಿಕ ಬೆರಳು ಮಾಡಿ ತೋರಿಸುತ್ತದೆ, ತಂದು ಕೈಗೆ ಕೊಡುತ್ತದೆ. ಇಬ್ಬರ ಗಮನವೂ ಒಂದೇ ವಸ್ತುವಿನ ಮೇಲಿರುವ ಆ ಗಳಿಗೆಯಲ್ಲಿ ದೊಡ್ಡವರು ಹೇಳುವ ಹೆಸರು ಆ ವಸ್ತುವಿಗೆ ಅಂಟಿಕೊಳ್ಳುತ್ತದೆ. ಚೆಂಡು, ಬುಟ್ಟಿ, ಕಾಕಾ, ಬೌ ಬೌ ಎಂಬ ಮೊದಲ ಮಾತುಗಳು ಬಹುತೇಕ ಹುಟ್ಟುವುದು ಹೀಗೆ. ಕನ್ನಡ ಮನೆಗಳ ಚಪ್ಪಾಳೆ, ತಾರಮ್ಮಯ್ಯ, ಆನೆಯಾಟಗಳಲ್ಲಿ ಆಟಿಕೆಯೇ ಇಲ್ಲ, ಆದರೂ ಸರದಿ ಕಾಯುವುದು, ಅನುಕರಿಸುವುದು, ಮುಂದೇನು ಎಂದು ನಿರೀಕ್ಷಿಸುವುದು ಎಲ್ಲವೂ ಇವೆ.

ಎರಡನೆಯ ವರ್ಷ

ವರ್ಷ ತುಂಬುವ ಹೊತ್ತಿಗೆ ಡಬ್ಬಿಯೊಳಗೆ ಹಾಕುವುದು, ತೆಗೆಯುವುದು ನೆಚ್ಚಿನ ಆಟ. ಹದಿನೈದು ತಿಂಗಳ ಸುಮಾರಿಗೆ ಒಂದರ ಮೇಲೊಂದು ಎರಡು ಮರದ ಬಿಲ್ಲೆ ನಿಲ್ಲಿಸುತ್ತದೆ. ಗಾಡಿ ತಳ್ಳುವುದಕ್ಕೆ, ಬಾಚಣಿಗೆ ತಲೆಗೆ ಎಂದು ಅರಿತು ಆಡತೊಡಗುತ್ತದೆ. ಹದಿನೆಂಟು ತಿಂಗಳ ಆಚೀಚೆ ಖಾಲಿ ಲೋಟದಿಂದ ಗೊಂಬೆಗೆ ಹಾಲು ಕುಡಿಸುತ್ತದೆ. ಇಲ್ಲದ ಹಾಲನ್ನು ಇದೆಯೆಂದು ಭಾವಿಸುವ ಈ ಶಕ್ತಿಯೂ ಒಂದು ಪದ ಒಂದು ವಸ್ತುವನ್ನು ಸೂಚಿಸುತ್ತದೆಂಬ ತಿಳಿವೂ ಹತ್ತಿರದ ನಂಟರು. ರಷ್ಯದ ಲೆವ್ ವೈಗೊಟ್ಸ್ಕಿ 1933ರ ಉಪನ್ಯಾಸದಲ್ಲಿ ಕೋಲನ್ನೇ ಕುದುರೆ ಮಾಡಿಕೊಳ್ಳುವ ಮಗುವಿನ ಉದಾಹರಣೆಯಿಂದ ಈ ವಿಷಯವನ್ನು ವಿವರಿಸಿದರು. ಅವರು ಹೇಳಿದ್ದು ಇನ್ನೂ ದೊಡ್ಡ ಮಕ್ಕಳ ಬಗ್ಗೆ, ಅದರ ಮೊಳಕೆ ಮಾತ್ರ ಇಲ್ಲಿಯದು. ಬೇರೆ ಮಕ್ಕಳೊಡನೆ ಹಂಚಿಕೊಂಡು ಆಡುವುದನ್ನು ಈ ವಯಸ್ಸಿನಲ್ಲಿ ನಿರೀಕ್ಷಿಸಬಾರದು. ಪಕ್ಕಪಕ್ಕದಲ್ಲಿ ಕುಳಿತು ತಮ್ಮ ಪಾಡಿಗೆ ತಾವು ಆಡುವುದೇ ಸಹಜ.

ಕೆಲವು ಮಕ್ಕಳು ಒಂದು ಬಟ್ಟೆಯ ತುಂಡನ್ನೋ ಮೆತ್ತನೆಯ ಗೊಂಬೆಯನ್ನೋ ಬಿಟ್ಟಿರಲಾರವು. ಇಂಗ್ಲೆಂಡಿನ ಶಿಶುವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ 1950ರ ದಶಕದ ಆರಂಭದಲ್ಲಿ ಇದರ ಬಗ್ಗೆ ಬರೆದರು. ತಾಯಿ ಜತೆಗಿಲ್ಲದ ಹೊತ್ತನ್ನು ಸಹಿಸಿಕೊಳ್ಳಲು ಮಗು ತಾನೇ ಕಂಡುಕೊಂಡ ಆಸರೆ ಅದು ಎಂಬುದು ಅವರ ವಿವರಣೆ. ಅಜ್ಜಿಯ ಹಳೆಯ ಸೀರೆಯ ತುಂಡನ್ನೋ ಕೌದಿಯ ಮೂಲೆಯನ್ನೋ ಹಿಡಿದು ಮಲಗುವ ಮಗುವಿನಿಂದ ಅದನ್ನು ಕಿತ್ತುಕೊಳ್ಳಬೇಕಾದ ಅಗತ್ಯವಿಲ್ಲ.

ಪ್ರಯೋಜನಕ್ಕೆ ಪುರಾವೆ

ಆಟಿಕೆಯಿಂದ ಬುದ್ಧಿ ಬೆಳೆಯುತ್ತದೆ ಎಂಬ ಮಾತು ಜಾಹೀರಾತಿನಲ್ಲಿ ಧಾರಾಳ. ಗಟ್ಟಿ ಪುರಾವೆ ಅಷ್ಟು ಧಾರಾಳವಲ್ಲ. ಇರುವುದರಲ್ಲಿ ಅತ್ಯಂತ ತೂಕದ್ದು ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ 1986ರಲ್ಲಿ ಆರಂಭವಾದ ಅಧ್ಯಯನ. ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ಅಪೌಷ್ಟಿಕತೆಯಿಂದ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ, 9ರಿಂದ 24 ತಿಂಗಳ 129 ಮಕ್ಕಳನ್ನು ಆಯ್ದುಕೊಂಡರು. ಕೆಲವರಿಗೆ ಪೂರಕ ಆಹಾರ, ಕೆಲವರಿಗೆ ಆಟದ ನೆರವು, ಕೆಲವರಿಗೆ ಎರಡೂ ದೊರೆತವು. ಉಳಿದವರಿಗೆ ಈ ಎರಡರಲ್ಲಿ ಒಂದೂ ಇರಲಿಲ್ಲ. ಆಟದ ನೆರವೆಂದರೆ ಸ್ಥಳೀಯ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಒಂದು ಗಂಟೆ ಮನೆಗೆ ಬಂದು, ಮನೆಯಲ್ಲೇ ಮಾಡಬಹುದಾದ ಸರಳ ಆಟಿಕೆಗಳಿಂದ ಮಗುವನ್ನು ಆಡಿಸುವುದು, ಹೇಗೆ ಆಡಿಸಬೇಕು, ಏನು ಮಾತನಾಡಬೇಕು ಎಂದು ತಾಯಿಗೆ ತೋರಿಸುವುದು. ಎರಡು ವರ್ಷ ಹೀಗೆ ನಡೆಯಿತು. ಇಪ್ಪತ್ತು ವರ್ಷಗಳ ನಂತರ ಆ ಮಕ್ಕಳನ್ನು ಹುಡುಕಿ ವಿಚಾರಿಸಿದಾಗ, ಆಟದ ನೆರವು ಪಡೆದವರ ಗಳಿಕೆ ಪಡೆಯದವರಿಗಿಂತ ಸುಮಾರು ಶೇ. 25ರಷ್ಟು ಹೆಚ್ಚಿತ್ತು. ಈ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಬರಿಯ ಪೂರಕ ಆಹಾರದಿಂದ ಇಂಥ ದೀರ್ಘಕಾಲದ ಲಾಭ ಕಾಣಲಿಲ್ಲ. ಇದೇ ಮಾದರಿಯನ್ನು ಆಮೇಲೆ ಹಲವು ದೇಶಗಳಲ್ಲಿ ಅನುಸರಿಸಲಾಯಿತು. ಒಡಿಶಾದ ಕಟಕ್ ನಗರದ ಕೊಳೆಗೇರಿಗಳಲ್ಲಿ ನಡೆದ ಪ್ರಯೋಗವೂ ಮಕ್ಕಳ ಗ್ರಹಣಶಕ್ತಿಯಲ್ಲಿ ಸುಧಾರಣೆ ಕಂಡಿತು. ಇಲ್ಲಿ ಆಟಿಕೆ ಒಬ್ಬಂಟಿಯಾಗಿ ಕೆಲಸ ಮಾಡಲಿಲ್ಲವೆಂಬುದನ್ನು ಮರೆಯಬಾರದು. ತಾಯಿಯ ಕೈಗೂ ಮಗುವಿನ ಕೈಗೂ ನಡುವೆ ಅದು ಇತ್ತು.

ಇದನ್ನೇ ಮತ್ತೊಂದು ಬದಿಯಿಂದ ತೋರಿಸುವ ಅಧ್ಯಯನವನ್ನು ಅಮೆರಿಕದ ಆನಾ ಸೋಸಾ 2016ರಲ್ಲಿ ಪ್ರಕಟಿಸಿದರು. 10ರಿಂದ 16 ತಿಂಗಳ 26 ಮಕ್ಕಳು ತಮ್ಮ ತಾಯಿ ಅಥವಾ ತಂದೆಯೊಡನೆ ಮನೆಯಲ್ಲಿ ಆಡುವಾಗಿನ ಮಾತುಗಳನ್ನು ಧ್ವನಿಮುದ್ರಿಸಿ ಎಣಿಸಲಾಯಿತು. ಪುಸ್ತಕ ಕೈಯಲ್ಲಿದ್ದಾಗ ದೊಡ್ಡವರು ನಿಮಿಷಕ್ಕೆ ಸುಮಾರು 67 ಪದ ಆಡಿದರು, ಮರದ ಬಿಲ್ಲೆಗಳಂಥ ಸಾಮಾನ್ಯ ಆಟಿಕೆಯಿದ್ದಾಗ 56, ಮಿನುಗುತ್ತ ಹಾಡುವ ಬ್ಯಾಟರಿ ಆಟಿಕೆಯಿದ್ದಾಗ 40. ಆಟಿಕೆ ಮಾತಾಡಿದರೆ ತಾಯಿ ಸುಮ್ಮನಾಗುತ್ತಾಳೆ. ಮಗು ಕೂಡ ಕಡಿಮೆ ತೊದಲಿತು.

ಟೀವಿ, ಮೊಬೈಲ್ ಪರದೆಯ ವಿಷಯದಲ್ಲಿ ಪುರಾವೆ ಇನ್ನೂ ಖಚಿತ. ಸಂಶೋಧಕಿ ಪೆಟ್ರೀಷಿಯಾ ಕೂಲ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳು ಎದುರಿಗೆ ಕುಳಿತು ಆಟಿಕೆ, ಪುಸ್ತಕ ಹಿಡಿದು ಮಾತಾಡಿದ ಚೀನೀ ಭಾಷಿಕರಿಂದ ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನರನ್ನು ಟೀವಿಯಲ್ಲಿ ನೋಡಿದ ಶಿಶುಗಳು ಏನೂ ಕಲಿಯಲಿಲ್ಲ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಒಂದರಿಂದ ಎರಡು ವರ್ಷದವರಿಗೂ ಸಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸುಮ್ಮನೆ ಅಲ್ಲ. ತುತ್ತು ನುಂಗಲಿ ಎಂದು ಮೊಬೈಲ್ ಹಿಡಿಯುವ ರೂಢಿ ಮನೆಮನೆಯಲ್ಲಿ ಬೇರೂರುತ್ತಿರುವುದು ಕಳವಳದ ಸಂಗತಿ.

ಆಟಿಕೆ ಎಷ್ಟಿರಬೇಕು? ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ವರದಿ ಮಾಡಿದಂತೆ, 18ರಿಂದ 30 ತಿಂಗಳ ಮಕ್ಕಳು 16 ಆಟಿಕೆಗಳ ನಡುವೆ ಇದ್ದಾಗಿನದಕ್ಕಿಂತ ನಾಲ್ಕೇ ಇದ್ದಾಗ ಒಂದೊಂದರೊಡನೆಯೂ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಇರುವುದನ್ನೇ ಎರಡು ಪಾಲು ಮಾಡಿ ಒಂದನ್ನು ಎತ್ತಿಟ್ಟು ವಾರಕ್ಕೊಮ್ಮೆ ಬದಲಿಸುವುದು ಒಳ್ಳೆಯ ಉಪಾಯ.

ಇನ್ನು, ಅಂಗಡಿಯ ಆಟಿಕೆಯೇ ಆಗಬೇಕೆಂದಿಲ್ಲ. 13ರಿಂದ 23 ತಿಂಗಳ ಮಕ್ಕಳನ್ನು ಅವರವರ ಮನೆಯಲ್ಲೇ ಚಿತ್ರೀಕರಿಸಿ 2021ರಲ್ಲಿ ಪ್ರಕಟಿಸಿದ ನ್ಯೂಯಾರ್ಕಿನ ಅಧ್ಯಯನವೊಂದು, ಮಕ್ಕಳು ಆಟಿಕೆಗಳಷ್ಟೇ ಮನೆಯ ಇತರ ವಸ್ತುಗಳೊಡನೆಯೂ ಆಡುತ್ತವೆಂದು ಕಂಡಿತು. ಬ್ರಿಟನ್ನಿನ ಎಲಿನರ್ ಗೋಲ್ಡ್‌ಶ್ಮೀಡ್ ಕುಳಿತುಕೊಳ್ಳಲು ಕಲಿತ, ಇನ್ನೂ ಅಂಬೆಗಾಲಿಡದ ಶಿಶುಗಳಿಗೆಂದು ರೂಪಿಸಿದ ನಿಧಿಬುಟ್ಟಿಯಲ್ಲಿ ಮರದ ಚಮಚ, ಲೋಹದ ಮುಚ್ಚಳ, ಕುಂಚ, ಬಟ್ಟೆ ಮೊದಲಾದ ಮನೆಬಳಕೆಯ ಸಾಮಾನುಗಳೇ ಇರುತ್ತಿದ್ದವು. ಹಂಗೆರಿಯ ಶಿಶುವೈದ್ಯೆ ಎಮ್ಮಿ ಪಿಕ್ಲರ್ ಬುಡಾಪೆಸ್ಟಿನ ತಮ್ಮ ಶಿಶುಗೃಹದಲ್ಲಿ ಮೊದಲ ಆಟಿಕೆಯಾಗಿ ಕೊಡುತ್ತಿದ್ದುದು ಹತ್ತಿಯ ಕರವಸ್ತ್ರ. ನಮ್ಮ ಅಡುಗೆಮನೆಯ ಸ್ಟೀಲ್ ಲೋಟ, ಹಿಟ್ಟಿನ ಜರಡಿ, ತೆಂಗಿನ ಚಿಪ್ಪು ಈ ಸಾಲಿಗೆ ಸಲೀಸಾಗಿ ಸೇರುತ್ತವೆ.

ಇತಿಹಾಸ

ಒಳಗೆ ಹರಳು ಹಾಕಿ ಸುಟ್ಟ ಟೊಳ್ಳು ಮಣ್ಣಿನ ಗಿಲಕಿಗಳು, ಹಕ್ಕಿಯಾಕಾರದ ಸೀಟಿಗಳು, ಪುಟ್ಟ ಗಾಡಿಗಳು ಹರಪ್ಪ, ಮೊಹೆಂಜೊದಾರೊ ಉತ್ಖನನಗಳಲ್ಲಿ ದೊರೆತಿವೆ. ಅಂದರೆ ಈ ಉಪಖಂಡದಲ್ಲಿ ಗಿಲಕಿಗೆ ನಾಲ್ಕು ಸಾವಿರ ವರ್ಷಕ್ಕೂ ಮೀರಿದ ವಯಸ್ಸು. ಅದಕ್ಕಿಂತ ಗಮನಾರ್ಹವಾದದ್ದು ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿರುವ ಆಟಿಕೆಯ ಲಕ್ಷಣಗಳು. ಮಗುವಿನ ಆಟಿಕೆ ಬಗೆಬಗೆಯದಾಗಿರಬೇಕು, ಸದ್ದು ಮಾಡಬೇಕು, ಮನಸ್ಸಿಗೆ ಹಿತವಾಗಿರಬೇಕು. ಭಾರವಿರಬಾರದು, ಮೊನಚಿರಬಾರದು, ಬಾಯಿಯೊಳಗೆ ಹೋಗುವಂತಿರಬಾರದು, ಜೀವಕ್ಕೆ ಅಪಾಯ ತರಬಾರದು, ಹೆದರಿಸಬಾರದು. ಇಂದಿನ ಸುರಕ್ಷತಾ ನಿಯಮಗಳ ಹಲವು ಮುಖ್ಯ ಅಂಶಗಳು ಇಲ್ಲಿ ಬಂದುಬಿಟ್ಟಿವೆ. ಹೆದರಿಸಬಾರದು ಎಂಬ ಕೊನೆಯ ಸೂಚನೆ ಇಂದಿನ ಹಲವು ಆಟಿಕೆ ತಯಾರಕರ ಕಿವಿಗೂ ಬೀಳಬೇಕಾದದ್ದು.

ಯುರೋಪಿನಲ್ಲಿ ಆಟಿಕೆಯನ್ನು ಶಿಕ್ಷಣದ ಸಾಧನವಾಗಿ ಕ್ರಮಬದ್ಧಗೊಳಿಸಿದವರಲ್ಲಿ ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ಮೊದಲಿಗರು. 1837ರಿಂದ ಅವರು ರೂಪಿಸಿದ ಸರಣಿಯ ಮೊದಲ ಆಟಿಕೆ ಬಣ್ಣಬಣ್ಣದ ಉಣ್ಣೆಯ ಆರು ಚೆಂಡುಗಳು. ಅದು ಎಳೆಯ ಶಿಶುಗಳಿಗೂ ಸಲ್ಲುವಂಥದು.

ಕರ್ನಾಟಕದಲ್ಲಿ ಶಿಶು ಆಟಿಕೆಗಳ ಹೆಸರಾಂತ ನೆಲೆ ಚನ್ನಪಟ್ಟಣ. ಹಗುರವೂ ನುಣುಪೂ ಆದ ಹಾಲೆ ಮರವನ್ನು ಒಣಗಿಸಿ ಲೇತಿಗೆ ಸಿಕ್ಕಿಸಿ ಕಡೆಯುತ್ತಾರೆ. ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದರೆ ಉಜ್ಜಾಟದ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆ ಮೇಲೆ ಒಣ ಗರಿಯಿಂದ ಒತ್ತಿ ಹೊಳಪು ತರುತ್ತಾರೆ. ಮೂಲೆ ಮೊನೆಗಳಿಲ್ಲದ ಗುಂಡನೆಯ ರೂಪ ಲೇತಿನ ಕೊಡುಗೆ, ಅದೇ ಶಿಶುವಿನ ಕೈಗೂ ಬಾಯಿಗೂ ಅನುಕೂಲ. ಅರಿಸಿನ, ನೀಲಿಯಂಥ ಸಸ್ಯಜನ್ಯ ಬಣ್ಣ ಬಳಸಿದ ಗಿಲಕಿ ಕಚ್ಚುವ ಮಗುವಿಗೆ ಒಪ್ಪುವಂಥದು. ಎಲ್ಲ ತಯಾರಕರೂ ಅದನ್ನೇ ಬಳಸುತ್ತಾರೆಂದಿಲ್ಲ, ಕೊಳ್ಳುವಾಗ ಕೇಳಬೇಕು. ಈ ಆಟಿಕೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ದಸರೆಗೆ ಕೂರಿಸುವ ಪಟ್ಟದ ಗೊಂಬೆ, ಕಿನ್ನಾಳದ ಗೊಂಬೆಗಳು ನೋಡುವುದಕ್ಕೆ ಮಾತ್ರ. ಅವನ್ನು ಶಿಶುವಿನ ಆಟಿಕೆಯೆಂದು ಎಣಿಸುವಂತಿಲ್ಲ.

ಸುರಕ್ಷತೆ

ಎಲ್ಲಕ್ಕಿಂತ ದೊಡ್ಡ ಅಪಾಯ ಗಂಟಲಲ್ಲಿ ಸಿಕ್ಕಿಕೊಳ್ಳುವುದು. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಯಾವ ಭಾಗವೂ 31.7 ಮಿಲಿಮೀಟರ್ ಅಡ್ಡಳತೆಯ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯಬಾರದೆಂಬುದು ಅಂತರರಾಷ್ಟ್ರೀಯ ನಿಯಮ. ಒಡೆದ ಬಲೂನಿನ ತುಂಡು, ಗೋಲಿ, ಹುಣಸೆಬೀಜ, ಕಡಲೆಬೀಜ ಇವೆಲ್ಲ ಕೈಗೆಟುಕದಿರಲಿ. ಗುಲಗಂಜಿ ಬೀಜ ವಿಷವೂ ಹೌದು. ಆಟಿಕೆಗಳೊಳಗಿನ ಗುಂಡಿಯಾಕಾರದ ಬ್ಯಾಟರಿ ನುಂಗಿದರೆ ಎರಡೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡಬಲ್ಲದು. ಅನುಮಾನ ಬಂದರೂ ಸಾಕು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮೊದಲ ವರ್ಷ ಮಲಗುವ ಜಾಗದಲ್ಲಿ ಮೆತ್ತನೆಯ ಗೊಂಬೆ, ದಿಂಬು ಇಡಬಾರದು, ಉಸಿರುಗಟ್ಟುವ ಭಯವಿದೆ. ತೊಟ್ಟಿಲ ಮೇಲೆ ಕಟ್ಟಿದ ಆಟಿಕೆಯನ್ನು ಮಗು ಎದ್ದು ಕೂರುವ ಮೊದಲೇ ಬಿಚ್ಚಬೇಕು.

ಮಗುವನ್ನು ಒಳಗೆ ಕೂರಿಸುವ ಚಕ್ರದ ವಾಕರ್ ನಡಿಗೆ ಕಲಿಸುವುದಿಲ್ಲ. ಮೆಟ್ಟಿಲಿನಿಂದ ಉರುಳಿದ ಅಪಘಾತಗಳಿಂದಾಗಿ ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಮಗು ನಿಂತು, ಹಿಡಿದು, ತಳ್ಳುವ ಮೂರು ಚಕ್ರದ ಮರದ ಗಾಡಿ ಬೇರೆ ವಿಷಯ. ಅಲ್ಲಿ ಮೈಭಾರ ಹೊರುವುದು ಮಗುವಿನ ಕಾಲುಗಳೇ. ಆದರೂ ಜತೆಗೆ ಒಬ್ಬರು ಇರಬೇಕು.

ಭಾರತದಲ್ಲಿ 1 ಜನವರಿ 2021ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ, ಭೌಗೋಳಿಕ ಸೂಚಿಕೆ ಪಡೆದವಕ್ಕೆ ವಿನಾಯಿತಿ ಇದೆ.

ಭಿನ್ನ ಗತಿಯ ಮಕ್ಕಳು

ಮೇಲೆ ಹೇಳಿದ ತಿಂಗಳುಗಳೆಲ್ಲ ಸರಾಸರಿಯವು. ಅವಧಿಗೆ ಮುನ್ನ ಹುಟ್ಟಿದ ಮಗುವಿನ ವಯಸ್ಸನ್ನು ಹೆರಿಗೆಯ ನಿರೀಕ್ಷಿತ ದಿನದಿಂದ ಎಣಿಸಬೇಕು. ಎರಡು ತಿಂಗಳು ಮೊದಲೇ ಹುಟ್ಟಿದ ಕೂಸು ಆರನೆಯ ತಿಂಗಳಲ್ಲಿ ನಾಲ್ಕು ತಿಂಗಳ ಮಗುವಿನಂತೆ ಆಡಿದರೆ ಅದು ವಿಳಂಬವಲ್ಲ. ಆರು ತಿಂಗಳು ಕಳೆದರೂ ಆಟಿಕೆಗೆ ಕೈ ಚಾಚದಿರುವುದು, ವರ್ಷ ತುಂಬುವ ಮೊದಲೇ ಯಾವಾಗಲೂ ಒಂದೇ ಕೈ ಬಳಸುವುದು, ಸದ್ದಿಗೆ ತಿರುಗದಿರುವುದು, ಆಟಿಕೆಯನ್ನು ಯಾರಿಗೂ ತೋರಿಸದಿರುವುದು ವೈದ್ಯರಿಗೆ ಹೇಳಬೇಕಾದ ಸಂಗತಿಗಳು. ಬೆಳವಣಿಗೆಯ ಹಂತಗಳನ್ನು ಆರೋಗ್ಯ ಇಲಾಖೆ ಕೊಡುವ ತಾಯಿ ಕಾರ್ಡಿನಲ್ಲಿ ಚಿತ್ರಸಹಿತ ಕೊಟ್ಟಿರುತ್ತಾರೆ. ಬಹಳ ಮನೆಗಳಲ್ಲಿ ಆ ಪುಟವನ್ನು ತೆರೆಯುವುದೇ ಇಲ್ಲ.

ಕಣ್ಣು ಕಾಣದ ಮಕ್ಕಳ ಬಗ್ಗೆ ಅಮೆರಿಕದ ಸೆಲ್ಮಾ ಫ್ರೈಬರ್ಗ್ ನಡೆಸಿ 1977ರಲ್ಲಿ ಗ್ರಂಥವಾಗಿ ಪ್ರಕಟಿಸಿದ ಅಧ್ಯಯನ ಮುಖ್ಯವಾದದ್ದು. ಕಾಣುವ ಮಗು ಐದು ತಿಂಗಳಿಗೆ ಗಿಲಕಿಗೆ ಕೈ ಚಾಚಿದರೆ, ಕಾಣದ ಮಗು ಬರಿಯ ಸದ್ದು ಕೇಳಿ ಕೈ ಚಾಚುವುದು ಮೊದಲ ವರ್ಷದ ಕೊನೆಗೆ. ಸದ್ದು ಬಂದ ಕಡೆ ಹಿಡಿಯಬಹುದಾದ ವಸ್ತುವೊಂದಿದೆ ಎಂದು ತಿಳಿಯಲು ಅಷ್ಟು ಕಾಲ ಬೇಕು. ಅಲ್ಲಿಯವರೆಗೆ ಆ ಮಗುವಿನ ಎರಡೂ ಕೈಗಳನ್ನು ಎದೆಯ ಮುಂದೆ ತಂದು ಕೂಡಿಸಿ, ಗಿಲಕಿಯನ್ನು ಮುಟ್ಟಿಸಿ, ಅಲುಗಿಸಿ, ಸ್ವಲ್ಪ ದೂರ ಸರಿಸಿ ಮತ್ತೆ ಕೈಗೆ ಸಿಗುವಂತೆ ಮಾಡುವುದು ಮನೆಯವರ ಕೆಲಸ. ಹೀಗೆ ಮಾಡಿದ ಮನೆಗಳಲ್ಲಿ ಮಕ್ಕಳ ಕೈ ಬೇಗ ಚುರುಕಾಯಿತು. ಕಿವಿ ಕೇಳದ ಮಗುವಿಗೆ ಬಣ್ಣ, ಬೆಳಕು, ಕಂಪನವುಳ್ಳ ಆಟಿಕೆ ಒಪ್ಪುತ್ತದೆ, ಸ್ನಾಯು ಬಿಗಿತವಿರುವ ಮಗುವಿಗೆ ದಪ್ಪ ಹಿಡಿಯ, ಹಗುರ ಆಟಿಕೆ. ಇಂಥ ಮಕ್ಕಳನ್ನು ಬೇಗ ಗುರುತಿಸಿ ನೆರವಾಗಲು 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಶೀಘ್ರ ಮಧ್ಯಪ್ರವೇಶ ಕೇಂದ್ರಗಳ ವ್ಯವಸ್ಥೆಯಿದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶಿಶುಗಳ ಶ್ರವಣ ಪರೀಕ್ಷೆ ನಡೆಯುತ್ತದೆ. ಶ್ರವಣದೋಷ ಇದ್ದರೆ ಅದು ಮೊದಲ ತಿಂಗಳುಗಳಲ್ಲೇ ಗೊತ್ತಾಗುವುದು ಮಗುವಿನ ಮಾತಿನ ಬೆಳವಣಿಗೆಗೆ ಬಹಳ ಮುಖ್ಯ.